ಮುರ್ತುಜಾಸಾಬ ಬಿಗಿದ ಸ್ಕ್ರೂ

ಗಂಗಾವತಿಯಲ್ಲಿ ಮುರ್ತುಜಾಸಾಬ ಬಿಗಿದ ಸ್ಕ್ರೂ ತಾನಾಗಿ ಸಡಿಲಾಗಿದ್ದನ್ನು ನೋಡಿದವರು ಯಾರೂ ಇಲ್ಲ. ಇದನ್ನು ಹೊಗಳಿಕೆ ಎಂದು ಹೇಳುತ್ತಿದ್ದೇನೋ ದೂರು ಎಂದು ಹೇಳುತ್ತಿದ್ದೇನೋ ನನಗೇ ತಿಳಿಯದು. ಅವನ ಬೈಕ್ ಗ್ಯಾರೇಜಿಗೂ ನನ್ನ ಬೀಜ-ಗೊಬ್ಬರದ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ನಾವಿಬ್ಬರೂ ಒಂದೇ ವಾರಿಗೆಯವರು, ಒಂದೇ ಮಾಸ್ತರರ ಕೈಯಲ್ಲಿ ಹೊಡೆತ ತಿಂದವರು. ಹಾಗಾಗಿ ಅವನ ಬಗ್ಗೆ ಏನು ಹೇಳಲಿಕ್ಕೂ ನನಗೆ ಹಕ್ಕಿದೆ. ಇಲ್ಲ ಎನ್ನುವವರು ಬಂದು ಆ ಗೋಡೆಯ ಈಚೆ ಒಂದು ದಿನ ಕೂತು ನೋಡಲಿ.

ಅವನು ಗ್ಯಾರೇಜು ತೆರೆದ ಕಾಲದಲ್ಲಿ ಸಿದ್ದಾಪುರದ ಕಡೆಯಿಂದ ಬರುವ ಕಾಲುವೆ ರಸ್ತೆ ಹೇಗಿತ್ತೆಂದರೆ, ಹೊಸ ಗಾಡಿ ಒಂದು ಹಂಗಾಮು ಅದರ ಮೇಲೆ ಓಡಿದರೆ ಅರ್ಧ ಗಾಡಿ ರಸ್ತೆಯಲ್ಲೇ ಉದುರಿರುತ್ತಿತ್ತು. ಗಾಡಿಯ ಮೇಲಿನ ಭಾರವಾದರೂ ಕಡಿಮೆಯೇ? ಹಿಂದೆ ಭತ್ತದ ಚೀಲ, ಚೀಲದ ಮೇಲೆ ಹೆಂಡತಿ, ಹೆಂಡತಿಯ ತೊಡೆಯ ಮೇಲೆ ಆಡಿನ ಮರಿ. ಅಂಥ ಹೊತ್ತಿನಲ್ಲಿ ರೈತರಿಗೆ ಬೇಕಾಗಿದ್ದದ್ದು ಬಿಚ್ಚುವ ಮೆಕ್ಯಾನಿಕ್ ಅಲ್ಲ, ಬಿಗಿಯುವ ಮೆಕ್ಯಾನಿಕ್. ಮುರ್ತುಜಾಸಾಬ ಬಿಗಿದ. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬುವ ತನಕ ಬಿಗಿದ. ಮುರ್ತುಜಾ ಕೈಯಾಡಿಸಿದ ಗಾಡಿ ಹಳ್ಳಕ್ಕೆ ಬಿದ್ದರೂ ಇಡಿಯಾಗಿ ಬೀಳುತ್ತದೆ ಎಂದು ಸುತ್ತಲಿನ ಹಳ್ಳಿಗಳಲ್ಲಿ ಮಾತಾಯಿತು. ತನ್ನ ಕೆಲಸಕ್ಕೆ ಗುರುತೂ ಇಟ್ಟುಕೊಂಡಿದ್ದ. ಅವನ ಹೆಂಡತಿ ಕಾಸೀಮಬೀ ಕುಷ್ಟಗಿಯವಳು, ಅರಗಿನ ಬಳೆ ಮಾಡುವ ಮನೆತನದ ಮಗಳು. ತವರಿನಿಂದ ಆಕೆ ತಂದ ಅರಗಿನ ಕಡ್ಡಿಗಳಿಂದ ಬಿಗಿದ ಪ್ರತಿ ಸ್ಕ್ರೂವಿನ ತಲೆಯ ಮೇಲೂ ಒಂದು ಕೆಂಪು ಬೊಟ್ಟು ಇಡುತ್ತಿದ್ದ. ಇದನ್ನು ಬಿಗಿದವನು ನಾನು, ಬೇರೆಯವರು ಮುಟ್ಟಬೇಡಿ ಎಂಬುದಕ್ಕೆ ಅದು ಮೊಹರು. ಆ ಕಡ್ಡಿಗಳು ಮುಗಿದು ಎಷ್ಟೋ ಕಾಲವಾಗಿದೆ, ಬೊಟ್ಟು ನಿಂತಿದೆ, ಬಿಗಿತ ನಿಂತಿಲ್ಲ.

ಅವನ ಪ್ರಾಣವೆಂದರೆ ಹಳೆಯ ಜಪಾನಿ ಗಾಡಿಗಳು, ಅದರಲ್ಲೂ ಆರ್‌ಎಕ್ಸ್ ಹಂಡ್ರೆಡ್. ಆ ಗಾಡಿಗಳ ಸ್ಕ್ರೂ ತಲೆಯ ಮೇಲಿನ ಪ್ಲಸ್ ಗುರುತು ನಮ್ಮ ಪ್ಲಸ್ಸಿನಂತೆಯೇ ಕಾಣುತ್ತದೆ, ಆದರೆ ನಮ್ಮದಲ್ಲ. ಬಜಾರಿನ ಸ್ಕ್ರೂಡ್ರೈವರು ಇಟ್ಟು ತಿರುವಿದರೆ ಅದು ಜಾರಿ ಮೇಲೆದ್ದು ಸ್ಕ್ರೂವಿನ ತಲೆಯನ್ನೇ ಕೆತ್ತಿಹಾಕುತ್ತದೆ. ಅದಕ್ಕೆ ಜಪಾನಿ ಪೇಚಕಸವೇ ಬೇಕು. ಪೇಚಕಸ ಎಂದರೆ ಸ್ಕ್ರೂಡ್ರೈವರೇ, ಮುರ್ತುಜಾನ ಬಾಯಲ್ಲಿ ಬೇರೆ ಮಾತು ನಾನು ಕೇಳಿಲ್ಲ. ಅಂಥದೊಂದು ಅವನಲ್ಲಿತ್ತು. ಕೆಂಪು ಕಟ್ಟಿಗೆಯ ಹಿಡಿ, ಮೊಂಡಾದ ಮೂತಿ. ಹೊಳೆಯ ನಡುವಿನ ವಿರೂಪಾಪುರಗಡ್ಡೆಯಲ್ಲಿ ತಿಂಗಳುಗಟ್ಟಲೆ ಉಳಿದಿದ್ದ ಒಬ್ಬ ಪರದೇಶದವನು ಗಾಡಿ ರಿಪೇರಿ ಮೆಚ್ಚಿ ಕೊಟ್ಟು ಹೋದನಂತೆ. ಆ ಪರದೇಶದವನು ಒಮ್ಮೆ ಜಪಾನಿನವನಾಗುತ್ತಾನೆ, ಒಮ್ಮೆ ಜರ್ಮನಿಯವನಾಗುತ್ತಾನೆ, ಚಹಾ ಚೆನ್ನಾಗಿದ್ದ ದಿನ ಹೊಳೆ ಈಜಿಕೊಂಡು ಬಂದು ಕೊಟ್ಟಿದ್ದೂ ಉಂಟು.

ಗ್ಯಾರೇಜಿನ ಹಿಂದೆಯೇ ಮನೆ. ನಡುವೆ ಬಾಗಿಲಿಲ್ಲ, ಒಂದು ಗೋಣಿತಟ್ಟಿನ ಪರದೆ. ಮದುವೆಯಾಗಿ ಬಂದ ಹೊಸದರಲ್ಲಿ ಕಾಸೀಮಬೀ ಒಮ್ಮೆ ಪರದೆ ದಾಟಿ ಈಚೆ ಬಂದು ಹೊಸ ಸೀರೆಗೆ ಗ್ರೀಸು ಮೆತ್ತಿಸಿಕೊಂಡಳು. ಆವತ್ತಿನಿಂದ ಆಕೆ ಆ ಪರದೆ ದಾಟಿದವಳಲ್ಲ. ಚಹಾ ಕೂಡ ಪರದೆಯ ಕೆಳಗಿನಿಂದಲೇ ಜಾರಿ ಬರುತ್ತಿತ್ತು. ಆದರೆ ಮುರ್ತುಜಾ ಮಾತ್ರ ಆಚೆ ಹೋಗಲೇಬೇಕಲ್ಲ. ಸಂಜೆ ಕೈತೊಳೆದು ಒಳಗೆ ಹೋದವನ ಕೈ ಸುಮ್ಮನಿರುತ್ತಿರಲಿಲ್ಲ. ಉಪ್ಪಿನಕಾಯಿ ಬರಣಿಯ ಮುಚ್ಚಳ, ಕುಕ್ಕರಿನ ಹಿಡಿ, ಟ್ರಂಕಿನ ಚಿಲಕ, ನೀರಿನ ನಲ್ಲಿ, ಯಾವುದನ್ನು ಕಂಡರೂ ಒಂದು ಸುತ್ತು ಬಿಗಿಯಬೇಕು. ಅವನು ಮುಚ್ಚಿದ್ದನ್ನು ತೆರೆಯುವುದೇ ಕಾಸೀಮಬೀಯ ಸಂಸಾರವಾಯಿತು. ಬಿಸಿನೀರಿನ ಬಟ್ಟೆ ಸುತ್ತಿ, ಕುಟ್ಟಾಣಿಯಿಂದ ಮೆಲ್ಲಗೆ ತಟ್ಟಿ, ಮೊದಲು ಬಿಗಿಯುವ ಕಡೆಗೇ ಒಂದು ಕೂದಲೆಳೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ ತರುತ್ತಿದ್ದಳು. ಮುನಿಸಿಕೊಂಡದ್ದನ್ನು ಜಗ್ಗಬಾರದು, ಮೊದಲು ಅದು ಹೇಳಿದ್ದಕ್ಕೆ ಹೂಂ ಅನ್ನಬೇಕು ಎಂಬುದು ಆಕೆಯ ಮಾತು. ಓಣಿಯ ಹೆಂಗಸರೆಲ್ಲ ತೆರೆಯದ ಡಬ್ಬಿಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆಕೆಯ ಹಿತ್ತಲ ಬಾಗಿಲಿಗೇ ಬರುತ್ತಿದ್ದರು. ಗಂಡನಿಗೆ ಇದರ ಸುಳಿವೂ ಇರಲಿಲ್ಲ. ತನ್ನ ಮನೆಯಲ್ಲಿ ಎಲ್ಲವೂ ಗಟ್ಟಿಯಾಗಿದೆ ಎಂಬ ನೆಮ್ಮದಿಯಲ್ಲಿ ಅವನಿದ್ದ.

ಹೀಗೇ ನಡೆದುಹೋಗುತ್ತಿತ್ತೇನೋ, ನಡುವೆ ಕೊರೊನಾ ಲಾಕ್‌ಡೌನ್ ಬಂತು. ಗ್ಯಾರೇಜು ಬಂದ್. ಮುರ್ತುಜಾಸಾಬ ಜಪಾನಿ ಪೇಚಕಸ ಹಿಡಿದುಕೊಂಡು ಹಗಲೆಲ್ಲ ಮನೆಯೊಳಗೇ ಉಳಿದ. ಮೊದಲು ಹೊಲಿಗೆ ಯಂತ್ರ ಬಿಗಿದ, ಅದು ಕಲ್ಲಾಯಿತು. ಆಮೇಲೆ ಬಾಗಿಲುಗಳ ಕೀಲು ಬಿಗಿದ. ಅಡುಗೆಮನೆಯ ಬಾಗಿಲು ಅರ್ಧಕ್ಕೆ ನಿಂತು ಮುಂದೂ ಹೋಗದೆ ಹಿಂದೂ ಬಾರದೆ, ಕಾಸೀಮಬೀ ಒಳಗೆ ಹೊರಗೆ ಅಡ್ಡಡ್ಡ ನಡೆಯಬೇಕಾಯಿತು. ಆಕೆ ಸಣ್ಣ ಹೆಂಗಸಲ್ಲ. ನಲ್ಲಿಯನ್ನು ಎಷ್ಟು ಬಿಗಿದನೆಂದರೆ ತಿರುವಲು ಆಕೆ ನನ್ನ ಹೆಂಡತಿ ಗಂಗಾಳನ್ನು ಕರೆಯುತ್ತಿದ್ದಳು, ಇಬ್ಬರೂ ಸೇರಿ ಒಂದು ಕೊಡ ನೀರು ಹಿಡಿಯುತ್ತಿದ್ದರು. ಕೊನೆಗೊಂದು ದಿನ ಆಕೆಯ ಕನ್ನಡಕದ ಕಡ್ಡಿಗಳೂ ಅವನ ಕಣ್ಣಿಗೆ ಬಿದ್ದವು. ಮಡಚಲಾಗದ ಆ ಕನ್ನಡಕ ಡಬ್ಬಿಯೊಳಗೆ ಹೋಗದೆ ಎರಡೂ ಕಾಲು ಚಾಚಿ ಕಪಾಟಿನ ಮೇಲೆ ಮಲಗಿತು. ಆವತ್ತೇ ಜಪಾನಿ ಪೇಚಕಸ ಮಾಯವಾಯಿತು.

ಎಲ್ಲಿ ಹೋಯಿತೆಂದು ಕೇಳಬೇಡಿ, ನನ್ನ ಮನೆಯ ಅಕ್ಕಿ ಡ್ರಮ್ಮಿಗೆ ಹೋಯಿತು. ಕಾಸೀಮಬೀ ತಂದು ಗಂಗಾಳ ಕೈಗಿಟ್ಟಳು, ಗಂಗಾ ಅದನ್ನು ಬೇವಿನ ಸೊಪ್ಪಿನ ಜೊತೆ ಅಕ್ಕಿಯೊಳಗೆ ಹೂತಳು. ಬಾಯಿ ಬಿಟ್ಟರೆ ಆ ಡ್ರಮ್ಮಿನ ಅಕ್ಕಿ ನಿನ್ನ ತಾಟಿಗೆ ಬರುವುದಿಲ್ಲ ಎಂದು ನನಗೆ ತಾಕೀತೂ ಆಯಿತು. ಮುರ್ತುಜಾ ಮಾತ್ರ ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ. ಸಿಗದೆ ಹೋದಾಗ ಕದ್ದವನು ವಾಹೀದನೇ ಎಂದು ತೀರ್ಮಾನಿಸಿದ.

ವಾಹೀದ ಕಾಸೀಮಬೀಯ ತಂಗಿಯ ಮಗ. ಮುರ್ತುಜಾನ ಕೈಕೆಳಗೇ ಕೆಲಸ ಕಲಿತು, ರಸ್ತೆಯ ಆಚೆ ಬದಿಯಲ್ಲಿ ಸ್ವಂತ ಗ್ಯಾರೇಜು ಹಾಕಿದ್ದ. ಅವನದು ಡ್ರಿಲ್ಲಿನ ಮತ. ಸ್ಕ್ರೂ ಬರಲಿಲ್ಲವೇ, ಡ್ರಿಲ್ಲು ಹಾಕಿ ಕೊರೆ, ಹೊಸದು ಹಾಕು. ಮುರ್ತುಜಾ ಮೊದಲೇ ಅವನನ್ನು ಕಸಾಯಿ ಎನ್ನುತ್ತಿದ್ದ, ಈಗ ಕಳ್ಳ ಎಂದೂ ಸೇರಿಸಿದ. ಮಾತು ನಿಂತಿತು. ಈದಿನ ದಿನ ವಾಹೀದನ ಮನೆಯಿಂದ ಬಂದ ಶೀರಖುರ್ಮಾ ಮುಚ್ಚಿದ ಹಾಗೆಯೇ ವಾಪಸು ಹೋಯಿತು. ಕಾಸೀಮಬೀ ಆ ದಿನ ನಮ್ಮ ಮನೆಗೆ ಬಂದು, ನಾ ಕದ್ದೆ ಅವನು ಕಳ್ಳನಾದ ಎಂದು ಅತ್ತಳು. ಹಾಗಿದ್ದರೆ ಪೇಚಕಸ ವಾಪಸು ಕೊಟ್ಟುಬಿಡಿ ಎಂದು ನಾನು ಹೇಳಿದೆ. ಆಕೆ ಕಣ್ಣೊರೆಸಿಕೊಂಡು, ಅದೊಂದು ಬಿಟ್ಟು ಬೇರೇನಾದರೂ ಹೇಳು ಎಂದಳು.

ಹೀಗೆ ವರ್ಷಗಳು ಕಳೆದವು. ಲಾಕ್‌ಡೌನ್ ಮುಗಿದು ಗ್ಯಾರೇಜು ತೆರೆಯಿತು, ಬೆಳಗಾದರೆ ಅವನು ಪರದೆಯ ಈಚೆ, ಆಕೆ ಆಚೆ. ಮನೆಯ ಬಾಗಿಲುಗಳನ್ನು ಕಾಸೀಮಬೀ ಒಂದೊಂದಾಗಿ ಸಡಿಲಿಸಿಕೊಂಡಳು. ನಲ್ಲಿ ಹಗುರಾಯಿತು, ಸ್ವಲ್ಪ ಜಾಸ್ತಿಯೇ ಹಗುರಾಗಿ ಟಪ್ ಟಪ್ ಎಂದು ಸೋರುತ್ತಿತ್ತು. ಆಕೆಗೆ ಆ ಸದ್ದು ಸುಖ.

ಈ ವರ್ಷದ ಒಂದು ಸೋಮವಾರ ಸಿದ್ದಾಪುರದ ಮುದಿಯಪ್ಪ ಬಂದ. ನಾಲ್ಕು ಎಕರೆ ಭತ್ತದ ಗದ್ದೆಯ ರೈತ, ಮಾತು ಜಾಸ್ತಿ. ಟವೆಲಿನಲ್ಲಿ ಕೋಳಿಮರಿಯಂತೆ ಸುತ್ತಿಕೊಂಡು ಬಂದದ್ದು ಅವನ ಹಳೆಯ ಆರ್‌ಎಕ್ಸಿನ ಕಾರ್ಬೊರೇಟರು. ಎಷ್ಟೋ ವರ್ಷ ದನದ ಕೊಟ್ಟಿಗೆಯಲ್ಲಿ ನಿಂತಿದ್ದ ಗಾಡಿಯನ್ನು ಮತ್ತೆ ಓಡಿಸುವ ಹುಚ್ಚು ಅವನಿಗೆ ಹಿಡಿದಿತ್ತು. ಯಾಕೆಂದು ನಾನು ಕೇಳಿದೆ.

“ಹೊಸಾ ಗಾಡಿ ಐತಿ. ಆದ್ರ ಅದು ಹೋದ್ರ ನಾಯಿ ಸೈತ ಎದ್ದು ನೋಡಂಗಿಲ್ರಿ” ಎಂದ ಮುದಿಯಪ್ಪ.

ಕಾರ್ಬೊರೇಟರಿನ ತಳದಲ್ಲಿ ಪೆಟ್ರೋಲು ನಿಲ್ಲುವ ಒಂದು ಪುಟ್ಟ ಬಟ್ಟಲಿರುತ್ತದೆ. ಆ ಬಟ್ಟಲು ಕಳಚಿದರೆ ಮಾತ್ರ ಒಳಗಿನ ಕಸ ತೆಗೆಯಬಹುದು. ಮುರ್ತುಜಾ ಕೂತು ಬಿಚ್ಚತೊಡಗಿದ. ಉಳಿದ ಸ್ಕ್ರೂಗಳು ಗೊಣಗುತ್ತಾ ಬಂದವು, ಒಂದು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಅವನ ಸಿಟ್ಟು ಏರಿತು. ಇದನ್ನು ಬಿಗಿದವನ ಕೈಗೆ ಲಕ್ವಾ ಹೊಡೆಯಲಿ ಎಂದ. ಕತ್ತೆಗೆ ಪೇಚಕಸ ಕೊಟ್ಟವರಾರು ಎಂದ. ಎದುರಿನ ಚಹಾದಂಗಡಿಯ ಹುಲಗಪ್ಪನೂ ಅವನ ಗಿರಾಕಿಗಳೂ ಕಪ್ಪು ಹಿಡಿದುಕೊಂಡೇ ಬಂದು ಸುತ್ತ ನಿಂತರು. ಜನ ಕೂಡಿದಷ್ಟೂ ಮುರ್ತುಜಾನ ಬೈಗುಳಕ್ಕೆ ರಂಗೇರಿತು. ಬೈಯುತ್ತಲೇ ಮೊಳೆಯಿಂದ ಸ್ಕ್ರೂ ತಲೆಯ ಮೇಲಿನ ಮಣ್ಣು ಕೆರೆದ. ಮಣ್ಣಿನ ಕೆಳಗೆ ಕೆಂಪು ಬೊಟ್ಟು ಕಂಡಿತು.

ಸುತ್ತ ನಿಂತವರೆಲ್ಲ ಬಗ್ಗಿ ನೋಡಿದರು. ಆಮೇಲೆ ಹುಲಗಪ್ಪ ಮೆಲ್ಲಗೆ, “ಮಾಡಿದ್ದುಣ್ಣೋ ಮಹಾರಾಯ” ಎಂದ. ಅಷ್ಟು ಸಾಕಾಯಿತು. ಮುದಿಯಪ್ಪನೇ ಮೊದಲು ನಕ್ಕ, ಆಮೇಲೆ ರಸ್ತೆಯೇ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆಚೆ ಬದಿಯಲ್ಲಿ ವಾಹೀದ ಡ್ರಿಲ್ಲು ಎತ್ತಿ ಹಿಡಿದು ಗುರ್ರೆಂದು ಒಮ್ಮೆ ತಿರುಗಿಸಿ ತೋರಿಸಿದ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯನ ಎದುರು ಹಾಗೆ ಮಾಡಬಾರದು. ಮುರ್ತುಜಾಸಾಬ ಎದ್ದು ನಿಂತ. ಕಿವಿ ಕೆಂಪಾಗಿದ್ದವು. ಗೋಡೆಗೆ ತೂಗುಹಾಕಿದ್ದ ಗ್ಯಾರೇಜಿನ ಕೀಲಿ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿದ.

“ಶುಕ್ರವಾರ ಜುಮ್ಮಾ ನಮಾಜ್ ಮುಗಿಸಿ ಬಂದು, ನಿಮ್ಮೆಲ್ಲಾರ ಮುಂದ ಇದನ್ನ ಡ್ರಿಲ್ ಇಲ್ದ ಬಿಚ್ಚತೀನಿ. ಆಗಲಿಲ್ಲಂದ್ರ ಈ ಕೀಲಿ ಯಾರು ಬಿಚ್ಚತಾರ ಅವರ ಕೈಗೆ ಕೊಟ್ಟು ಮನ್ಯಾಗ ಕುಂದರತೀನಿ. ಇದು ಮುರ್ತುಜಾನ ಮಾತು.”

ಪರದೆಯ ಹಿಂದೆ ಒಂದು ತಾಟು ಬಿದ್ದ ಸದ್ದು ಕೇಳಿಸಿತು.

ಮಧ್ಯಾಹ್ನವೇ ಕಾಸೀಮಬೀ ಹಿತ್ತಲಿನಿಂದ ನಮ್ಮ ಮನೆಗೆ ಬಂದಳು. ನಾನು ಊಟಕ್ಕೆ ಕೂತಿದ್ದೆ. ಆಕೆ ನೆಲಕ್ಕೆ ಕುಸಿದು ಕೂತು ಗಂಗಾಳ ಕೈ ಹಿಡಿದುಕೊಂಡಳು.

“ಕೀಲಿ ಹೋದ್ರ ಹೋಗ್ಲಿ ಗಂಗಾ. ಅಂವ ಮನ್ಯಾಗ ಕುಂತರ ನಾ ಎಲ್ಲಿ ಕುಂದರಲಿ?”

ಗಂಗಾ ಸಮಾಧಾನ ಹೇಳಿದಳು. ಪೇಚಕಸ ಇಲ್ಲೇ ಇದೆಯಲ್ಲ, ಅದಿಲ್ಲದೆ ಏನು ಬಿಗಿಯುತ್ತಾನೆ ಎಂದಳು. ಅವನು ಪೇಚಕಸ ಇಲ್ಲದಿದ್ದರೆ ಹಲ್ಲಿನಿಂದ ಬಿಗಿಯುವ ಆಸಾಮಿ, ಬರುವ ಮಳೆಗಾಲದೊಳಗೆ ನನ್ನ ಮನೆಯಲ್ಲಿ ಒಂದು ಕಿಟಕಿ ತೆರೆಯುವುದಿಲ್ಲ ಎಂದಳು ಕಾಸೀಮಬೀ. ಲಾಕ್‌ಡೌನ್ ನಾವೂ ನೋಡಿದ್ದೆವಲ್ಲ.

ಶುಕ್ರವಾರದವರೆಗೂ ಗೋಡೆಯ ಆಚೆಯಿಂದ ನಾನು ಕೇಳಿದ್ದನ್ನು ನನ್ನ ಶತ್ರುವೂ ಕೇಳುವುದು ಬೇಡ. ಮುರ್ತುಜಾ ಕಾರ್ಬೊರೇಟರನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದ. ತೆಗೆದು ಡೀಸೆಲಿನಲ್ಲಿ ನೆನೆಹಾಕಿದ. ಪೇಚಕಸದ ಮೂತಿಗೆ ವಾಲ್ವ್ ಉಜ್ಜುವ ಮರಳು ಪೇಸ್ಟು ಹಚ್ಚಿ ಹಿಡಿತ ಸಿಗುತ್ತದೋ ನೋಡಿದ. ಬಜಾರಿನ ಪೇಚಕಸ ಪ್ರತಿಸಲವೂ ಜಾರಿ ಸ್ಕ್ರೂವಿನ ತಲೆಯಿಂದ ಒಂದು ಚೂರು ಹೆರೆದುಕೊಂಡು ಬಂತು. ಸುತ್ತಿಗೆಯಿಂದ ಬಲವಾಗಿ ಹೊಡೆದರೆ ಬಟ್ಟಲಿನ ಕಿವಿ ಮುರಿಯುತ್ತದೆ. ಬೆಂಕಿಯ ಜ್ವಾಲೆ ಹಿಡಿದರೆ ಮೆತ್ತಗಿನ ಲೋಹ ಕರಗಿ ಕೂರುತ್ತದೆ, ಜೊತೆಗೆ ಪೆಟ್ರೋಲಿನ ಪಸೆ ಹೊತ್ತಿಕೊಂಡರೆ ಅವನ ಗಡ್ಡ, ನನ್ನ ಯೂರಿಯಾ ಎರಡೂ ಹೋಗುತ್ತವೆ. ಜಪಾನಿ ಪೇಚಕಸವೊಂದಿದ್ದಿದ್ದರೆ ಎಂದು ಗಂಟೆಗೊಮ್ಮೆ ಹಲುಬುತ್ತಿದ್ದ, ಹಲುಬಿದಾಗಲೆಲ್ಲ ರಸ್ತೆಯಾಚೆಗೆ ಉರಿಗಣ್ಣು ಬಿಡುತ್ತಿದ್ದ.

ಗುರುವಾರ ಸಂಜೆ ನಾನು ಹೋದಾಗ ಹಳೇ ಟೈರಿನ ಮೇಲೆ ಕೂತಿದ್ದ. ತೊಡೆಯ ಮೇಲೆ ಕಾರ್ಬೊರೇಟರು, ಎರಡೂ ಅಂಗೈಯಲ್ಲಿ ಬೊಬ್ಬೆ. ನಾಲ್ಕು ಚುಚ್ಚುಮಾತು ಆಡಬೇಕೆಂದೇ ಹೋಗಿದ್ದೆ, ಆಡಲಾಗಲಿಲ್ಲ.

“ಶಾಂತ್ಯಾ, ಇದನ್ನ ಬಿಗಿದಾಗ ಮಂದಿ ನನ್ನ ಕೈ ಹೊಗಳಿದ್ರು” ಎಂದ ನನಗೆ. “ಈಗ ನನ್ನ ಕೈನ ನನ್ನ ಬಿಡವಲ್ದು.”

ಈ ಮನುಷ್ಯನ ಗಂಟಲಿನ ಸದ್ದಿಲ್ಲದ ಗೋಡೆಯ ಪಕ್ಕ ಕೂತು ನಾನು ಗೊಬ್ಬರ ಮಾರುವುದು ಹೇಗೆ ಎಂದು ಮೊದಲ ಸಲ ಯೋಚಿಸಿದೆ. ಮನೆಗೆ ಹೋಗಿ ಅಕ್ಕಿ ಡ್ರಮ್ಮಿನ ಮುಚ್ಚಳಕ್ಕೆ ಕೈ ಹಾಕಿದೆ. ಗಂಗಾ ನನ್ನ ಕೈ ತಳ್ಳಿ, ಇದು ಹೆಂಗಸರ ಕೆಲಸ, ನೀನು ಸುಮ್ಮನಿರು ಎಂದಳು.

ಶುಕ್ರವಾರ ಮಧ್ಯಾಹ್ನ ಮಸೀದಿಯ ಬಾಂಗು ಕೇಳಿಸಿತು. ಮುರ್ತುಜಾ ಕೈಕಾಲು ತೊಳೆದು, ಟೊಪ್ಪಿಗೆ ಹಾಕಿಕೊಂಡು, ಕಾರ್ಬೊರೇಟರಿನ ಮೇಲೆ ಒಂದು ಬಟ್ಟೆ ಹೊದಿಸಿ ಮಸೀದಿಗೆ ಹೊರಟ. ಆಚೆ ಬದಿಯಿಂದ ವಾಹೀದನೂ ಹೊರಟ. ಇಬ್ಬರೂ ರಸ್ತೆಯ ಎರಡು ಅಂಚು ಹಿಡಿದು, ಒಬ್ಬರನ್ನೊಬ್ಬರು ನೋಡದೆ ಒಂದೇ ಮಸೀದಿಗೆ ನಡೆದರು. ಅವರು ತಿರುವು ದಾಟಿದ್ದೇ ತಡ ಗೋಣಿತಟ್ಟಿನ ಪರದೆ ಅಲ್ಲಾಡಿತು. ಕಾಸೀಮಬೀ ಸೀರೆಯನ್ನು ಮೊಣಕಾಲಿನತನಕ ಎತ್ತಿಹಿಡಿದು, ಗ್ರೀಸಿನ ಕಲೆಗಳನ್ನು ದಾಟುತ್ತಾ ಗ್ಯಾರೇಜಿನೊಳಗೆ ಬಂದಳು. ಹಿಂದೆ ನನ್ನ ಹೆಂಡತಿ. ಗಂಗಾಳ ಕೈಯಲ್ಲಿ ಕೆಂಪು ಹಿಡಿಯ ಪೇಚಕಸ, ಅದರ ಹಿಡಿಯ ಸೀಳಿನಲ್ಲಿ ನಮ್ಮ ಮನೆಯ ಅಕ್ಕಿಯ ಒಂದು ನುಚ್ಚು. ನನ್ನನ್ನು ಯೂರಿಯಾ ಚೀಲದ ಮೇಲೆ ಬಾಗಿಲಿಗೆ ಅಡ್ಡ ಕೂರಿಸಿ, ಯಾರಾದರೂ ಬಂದರೆ ಕೆಮ್ಮು ಎಂದು ಹೇಳಿ, ಕಾರ್ಬೊರೇಟರು ಎತ್ತಿಕೊಂಡು ಒಳಗೆ ಹೋದರು.

ಕೂತ ಜಾಗದಿಂದ ಪರದೆಯ ಸಂದಿನಲ್ಲಿ ಅಡುಗೆಮನೆ ಕಾಣುತ್ತಿತ್ತು. ಕಾಸೀಮಬೀ ಸ್ಕ್ರೂವನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದಳು. ಉಗುರಿನಿಂದ ಒಮ್ಮೆ ಕೆರೆದಳು. ಆಮೇಲೆ ನಕ್ಕಳು.

“ಅಂವಗ ಬೊಟ್ಟಷ್ಟ ನೆನಪೈತಿ” ಎಂದಳು ಗಂಗಾಳಿಗೆ. “ಆಗಿನ ಕಾಲಕ್ಕ ಸ್ಕ್ರೂನ ಮೈಗೆಲ್ಲ ಅರಗು ಸವರಿ ಆಮ್ಯಾಲ ಬಿಗೀತಿದ್ದ. ಒಲಿ ಮ್ಯಾಲ ಕರಗಿಸಿ ಕೊಡತಿದ್ದಾಕಿ ನಾನ. ಇದು ಸ್ಕ್ರೂ ಅಲ್ಲವಾ, ಬಳಿ.”

ಬಳೆ ಮಾಡುವವರ ಮಗಳಿಗೆ ಇನ್ನೇನು ಹೇಳಬೇಕಾಗಿರಲಿಲ್ಲ. ಅರಗು ಸೀಮೆಎಣ್ಣೆಗೂ ಜಗ್ಗದು, ಡೀಸೆಲಿಗೂ ಜಗ್ಗದು. ಅದು ಬಿಡುವುದು ಬಿಸಿಗೆ, ಅದೂ ಹದವಾದ ಬಿಸಿಗೆ. ಕಾಸೀಮಬೀ ಕಾರ್ಬೊರೇಟರನ್ನು ತಿಕ್ಕಿ ತೊಳೆದಳು, ಪೆಟ್ರೋಲಿನ ವಾಸನೆ ಹೋಗುವ ತನಕ. ಒಲೆ ಆರಿಸಿ, ಇಳಿಸಿದ ಕುದಿನೀರಿಗೆ ಬಟ್ಟಲಷ್ಟೇ ಮುಳುಗುವಂತೆ ಹಿಡಿದಳು. ಹಾಗೆಯೇ ಹಿಡಿದು ಕಾದಳು. ನಾನು ಅತ್ತ ರಸ್ತೆ ನೋಡುವುದು, ಇತ್ತ ಪರದೆಯ ಸಂದು ನೋಡುವುದು, ಕತ್ತು ನೋಯತೊಡಗಿತು. ಕೊನೆಗೆ ಎತ್ತಿ ಒರೆಸಿ, ಬಿಗಿ ಬಳೆ ತೊಡಿಸುವಾಗ ಕೈಗೆ ಹಚ್ಚುವಂತೆ ಸ್ಕ್ರೂವಿನ ತಲೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟಳು. ಜಪಾನಿ ಪೇಚಕಸ ಇಟ್ಟಳು. ಕೆತ್ತಿ ಹಾಳಾದ ತಲೆಯಲ್ಲೂ ಅದರ ಮೂತಿ ಗಟ್ಟಿಯಾಗಿ ಕೂತಿತು. ಗಂಗಾ ಹಿಡಿಯ ಮೇಲೆ ಕುಟ್ಟಾಣಿಯಿಂದ ಎರಡೇಟು ತಟ್ಟಿದಳು. ಕಾಸೀಮಬೀ ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಹೂಂ ಅಂದು, ಆಮೇಲೆ ಬಿಚ್ಚುವ ಕಡೆಗೆ ತಂದಳು.

ಕಿರ್ ಎಂದಿತು. ಬಂತು.

ನಾನು ಕೂಗಬೇಕೆಂದು ಬಾಯಿ ತೆರೆದೆ, ಇಬ್ಬರೂ ಒಟ್ಟಿಗೆ ನನ್ನತ್ತ ಕಣ್ಣು ಬಿಟ್ಟರು. ಕಾಸೀಮಬೀ ಸ್ಕ್ರೂವನ್ನು ಪೂರ್ತಿ ಹೊರತೆಗೆದು, ಒರೆಸಿ, ಮತ್ತೆ ಅದೇ ತೂತಿಗಿಟ್ಟು ಎರಡೇ ಬೆರಳಿನಿಂದ ತಿರುವಿ ಕೂರಿಸಿದಳು. ಮುರ್ತುಜಾ ಬಂದು ಯಾವ ಪೇಚಕಸದಿಂದ ತಿರುವಿದರೂ ಬಿಚ್ಚುತ್ತದೆ, ಮಾತೂ ಉಳಿಯುತ್ತದೆ, ಅಂಗಡಿಯೂ ಉಳಿಯುತ್ತದೆ. ಜಪಾನಿ ಪೇಚಕಸವನ್ನು ಆಕೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದನ್ನೂ ಅಲ್ಲೇ ಇಟ್ಟುಬಿಡಬಾರದೇ ಎಂದು ನಾನು ಕೇಳಿದ್ದಕ್ಕೆ ಸೆರಗು ಎಳೆದು ಅದನ್ನು ಮುಚ್ಚಿಕೊಂಡಳು. ಕಾರ್ಬೊರೇಟರು ಬಟ್ಟೆ ಹೊದ್ದು ಮೊದಲಿನ ಜಾಗದಲ್ಲೇ ಕೂತಿತು.

ನಮಾಜು ಮುಗಿಯಿತು. ಮದುವೆ ದಿಬ್ಬಣಕ್ಕೂ ಅಷ್ಟು ಜನ ಬರುವುದಿಲ್ಲ. ಸಿದ್ದಾಪುರದಿಂದ ಮುದಿಯಪ್ಪ ಓಣಿಯವರನ್ನೇ ಕಟ್ಟಿಕೊಂಡು ಬಂದಿದ್ದ, ಹುಲಗಪ್ಪ ಚಹಾದಂಗಡಿಗೆ ಹೆಂಡತಿಯನ್ನು ಕೂರಿಸಿ ಬಂದಿದ್ದ. ವಾಹೀದ ಡ್ರಿಲ್ಲು ಹಿಡಿದುಕೊಂಡೇ ರಸ್ತೆ ದಾಟಿ ಬಂದು ಅಂಚಿನಲ್ಲಿ ನಿಂತ. ಮುರ್ತುಜಾಸಾಬ ನೇಣಿಗೆ ಹೋಗುವವನಂತೆ ಟೈರಿನ ಮೇಲೆ ಕೂತ. ಕಾರ್ಬೊರೇಟರು ತೊಡೆಯ ಮೇಲಿಟ್ಟುಕೊಂಡು, ಬಿಸ್ಮಿಲ್ಲಾ ಎಂದು, ಬಜಾರಿನ ಪೇಚಕಸ ಹಚ್ಚಿ, ಹಲ್ಲು ಕಚ್ಚಿ, ಕಣ್ಣು ಮುಚ್ಚಿ ತಿರುವಿದ.

ಸ್ಕ್ರೂ ಬೆಣ್ಣೆಯಲ್ಲಿದ್ದಂತೆ ತಿರುಗಿತು. ಅಷ್ಟು ಬಲ ಹಾಕಿದ್ದವನು ಟೈರಿನಿಂದ ಪಕ್ಕಕ್ಕೆ ಉರುಳಿಯೇಬಿಟ್ಟ. ಜನ ಹೋ ಎಂದರು. ಮುದಿಯಪ್ಪ ಟವೆಲು ತೂರಿದ. ವಾಹೀದನ ಡ್ರಿಲ್ಲು ಕೆಳಗಿಳಿಯಿತು. ನಾನೂ ಚಪ್ಪಾಳೆ ತಟ್ಟಿದೆ, ಆಶ್ಚರ್ಯವಾದವನ ಹಾಗೆ ಮುಖ ಮಾಡಲು ಕಷ್ಟಪಟ್ಟೆ.

ಮುರ್ತುಜಾ ಮಾತ್ರ ನಗಲಿಲ್ಲ. ಎದ್ದು ಕೂತು ಸ್ಕ್ರೂವನ್ನು ಅಂಗೈಯಲ್ಲಿಟ್ಟು ನೋಡಿದ. ಜೀವಮಾನವೆಲ್ಲ ಬಿಗಿದ ಕೈಗೆ, ಇದನ್ನು ಯಾರೋ ಎರಡು ಬೆರಳಿನಿಂದ ಮುಚ್ಚಿದ್ದಾರೆ ಎಂದು ಗೊತ್ತಾಗದೆ ಇರುತ್ತದೆಯೇ? ಮೂಗಿನ ಹತ್ತಿರ ತಂದ. ಕೊಬ್ಬರಿ ಎಣ್ಣೆಯ ವಾಸನೆ. ಮದುವೆಯಾದಂದಿನಿಂದ ಪಕ್ಕದ ದಿಂಬಿನಿಂದ ಬರುತ್ತಿದ್ದ ವಾಸನೆ ಅದು. ಮೆಲ್ಲಗೆ ತಲೆಯೆತ್ತಿ ಪರದೆಯ ಕಡೆ ನೋಡಿದ, ಆಮೇಲೆ ನನ್ನ ಕಡೆ ನೋಡಿದ. ನಾನು ಮೇಲೆ ಹಂಚು ಎಣಿಸತೊಡಗಿದೆ.

ಅವನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಊರೇ ಗೆದ್ದೆ ಎನ್ನುತ್ತಿತ್ತು. ಮುಚ್ಚಿಕೊಳ್ಳಲಿ ದೇವರೇ ಎಂದು ನಾನು ಬೇಡಿಕೊಂಡೆ. ಆದರೆ ಅವನು ಎದ್ದು, ಗೋಡೆಯ ಮೇಲಿನ ಕೀಲಿ ತೆಗೆದುಕೊಂಡ.

“ಬಿಚ್ಚಿದಾಂವ ನಾ ಅಲ್ಲ” ಎಂದ. “ಬಿಚ್ಚಿದವ್ರ ಕೈಗೆ ಕೀಲಿ ಅಂದಿದ್ದೆ. ಮಾತು ಮಾತ.”

ಎರಡು ಹೆಜ್ಜೆ ನಡೆದು, ಬಗ್ಗಿ, ಕೀಲಿಯನ್ನು ಪರದೆಯ ಕೆಳಗೆ ಆಚೆಗೆ ಸರಿಸಿದ.

ಆಮೇಲೆ ಚಹಾದ ಕಪ್ಪು ಬರುತ್ತಿದ್ದ ಅದೇ ಜಾಗದಿಂದ ಕೆಂಪು ಹಿಡಿಯ ಪೇಚಕಸ ಜಾರಿ ಈಚೆ ಬಂತು. ಮುರ್ತುಜಾಸಾಬ ಅದನ್ನು ಎತ್ತಿಕೊಂಡ. ಹಿಡಿಯ ಸೀಳಿನಲ್ಲಿದ್ದ ಅಕ್ಕಿ ನುಚ್ಚನ್ನು ಉಗುರಿನಿಂದ ತೆಗೆದು ನೋಡಿದ. ಪರದೆಯ ಹಿಂದಿನಿಂದ ಕಾಸೀಮಬೀಯ ದನಿ ಬಂತು.

“ವಾಹೀದ ಕದ್ದಿಲ್ಲ. ಕದ್ದಾಕಿ ನಾ. ಮನಿ ಉಸಿರಾಡ್ಲಿ ಅಂತ ಕದ್ದೆ.”

ಅಷ್ಟು ಜನರಲ್ಲಿ ಒಬ್ಬರೂ ನಗಲಿಲ್ಲ. ಮುರ್ತುಜಾನಿಗೆ ಕ್ಷಮೆ ಕೇಳುವ ಮಾತು ಬರುವುದಿಲ್ಲ, ಶಾಲೆಯಲ್ಲೂ ಬರುತ್ತಿರಲಿಲ್ಲ. ವಾಹೀದನ ಹತ್ತಿರ ಹೋಗಿ ನಿಂತು, ಅವನ ಕೈಯಿಂದ ಡ್ರಿಲ್ಲು ತೆಗೆದು ಮುದಿಯಪ್ಪನ ಕೈಗೆ ಕೊಟ್ಟ, ಆ ಖಾಲಿ ಕೈಯಲ್ಲಿ ಜಪಾನಿ ಪೇಚಕಸ ಇಟ್ಟ. ಉಳಿದ ಕೆಲಸ ನೀನೇ ಮಾಡು, ಮೆಲ್ಲಗೆ ಬಿಗಿ ಎಂದ. ಮೆಲ್ಲಗೆ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ವಾಹೀದ ಕಣ್ಣೊರೆಸಿಕೊಂಡು, “ಆತು ಖಾಲೂ” ಎಂದು ದೊಡ್ಡಪ್ಪನ ಟೈರಿನ ಮೇಲೆ ಕೂತ. ಆ ಸಂಜೆ ಸಿದ್ದಾಪುರದಲ್ಲಿ ಮುದಿಯಪ್ಪನ ಗಾಡಿ ಹೊರಟಾಗ ಅವನ ಓಣಿಯ ನಾಯಿಗಳೆಲ್ಲ ಎದ್ದು ನಿಂತವಂತೆ.

ಈಗ ಗ್ಯಾರೇಜಿನ ಕೀಲಿ ಕಾಸೀಮಬೀಯ ಸೊಂಟದಲ್ಲಿದೆ. ಬೆಳಿಗ್ಗೆ ಬಾಗಿಲು ತೆಗೆಯುವವಳು ಆಕೆ, ಗಂಡನನ್ನು ಈಚೆ ಕಳಿಸಿ ಪೇಚಕಸ ಕೈಗೆ ಕೊಡುವವಳೂ ಆಕೆ. ಬಿಚ್ಚದ ಸ್ಕ್ರೂ ಬಂದರೆ ಮುರ್ತುಜಾ ಅದನ್ನು ಪರದೆಯ ಕೆಳಗೆ ಸರಿಸಿ, ಗಿರಾಕಿಗೆ ಚಹಾ ಕುಡಿದು ಬರಲು ಹೇಳುತ್ತಾನೆ. ವಾಹೀದ ದಿನಕ್ಕೊಮ್ಮೆಯಾದರೂ ಈಚೆ ಬಂದು, ಜಗಳ ಆಡಿ, ಊಟ ಮಾಡಿ ಹೋಗುತ್ತಾನೆ. ಸಂಜೆಯ ಬಾಂಗು ಕೇಳಿಸುತ್ತಲೇ ಪರದೆಯ ಕೆಳಗಿನಿಂದ ಬಳೆಗಳ ಕೈಯೊಂದು ಈಚೆ ಬರುತ್ತದೆ. ಆ ಅಂಗೈಯಲ್ಲಿ ಪೇಚಕಸ ಇಟ್ಟ ಮೇಲೆಯೇ ಮುರ್ತುಜಾಸಾಬನಿಗೆ ಮನೆಯೊಳಗೆ ಪ್ರವೇಶ.

ಮೊನ್ನೆ ಅಂಗಡಿ ಮುಚ್ಚುವ ಹೊತ್ತಿಗೆ ಗೋಡೆಯ ಆಚೆ ಅವನ ದನಿ ಕೇಳಿಸಿತು, ಬೇಡಿಕೊಳ್ಳುವ ದನಿ. ನಲ್ಲಿ ಟಪ್ ಟಪ್ ಎನ್ನುವುದು ನನ್ನ ಅಂಗಡಿಗೂ ಕೇಳುತ್ತಿತ್ತು.

“ಕಾಸೀಮಾ, ಇವತ್ತೊಂದು ದಿನ ಒಳಗ ತರ್ತೀನಿ. ನಲ್ಲಿ ಸೋರಾಕತ್ತೈತಿ. ಒಂದ ಸುತ್ತು.”

ಬಳೆಗಳ ಸದ್ದಾಯಿತು. ಕೈ ಚಾಚಿಯೇ ಇತ್ತು.

“ಸೋರ್ಲಿ” ಎಂದಳು ಕಾಸೀಮಬೀ.